ಮಿಕ್ಸಿಂಗ್ ಕಸುಬು: ಓದುಗರ ಪ್ರಶ್ನೆ, ಬಲ್ಲವರ ಉತ್ತರ

ಹಾಡಿನ ದನಿ, ವಾದ್ಯಗಳನ್ನು ಬೇರೆಬೇರೆಯಾಗಿ ಧ್ವನಿಮುದ್ರಿಸಿದ ಮೇಲೆ ಅವನ್ನೆಲ್ಲ ಹದವಾಗಿ ಕೂಡಿಸುವ ಕೆಲಸವೇ ಮಿಕ್ಸಿಂಗ್. ಯಾವ ಸ್ಟುಡಿಯೊದ ಸಂಬಳಕ್ಕೂ ಸೇರದೆ, ಸ್ವತಂತ್ರವಾಗಿ ಈ ಕೆಲಸ ಹಿಡಿಯಬೇಕೆಂದಿರುವವರು ಬರೆದ ಪತ್ರಗಳಲ್ಲಿ ಕೆಲವಕ್ಕೆ ಈ ಸಂಚಿಕೆಯಲ್ಲಿ ಉತ್ತರಿಸಿದ್ದೇವೆ.

ಪ್ರಶ್ನೆ: ಮನೆಯ ಮಹಡಿಯಲ್ಲಿ 10x10 ಅಡಿಯ ಕೋಣೆ ಖಾಲಿ ಇದೆ. ಕೈಯಲ್ಲಿ ಒಂದೂವರೆ ಲಕ್ಷ ರೂಪಾಯಿ ಇದೆ. ಯಾವ ಸ್ಪೀಕರ್ ಕೊಳ್ಳಲಿ? — ಓದುಗ, ಶಿವಮೊಗ್ಗ

ಉತ್ತರ: ಸ್ಪೀಕರ್ ಮಾತು ಆಮೇಲೆ. ಕೋಣೆಯ ಎತ್ತರವೂ ಹತ್ತಡಿಯೇ ಆಗಿದ್ದರೆ ಮಿಕ್ಸಿಂಗ್‌ಗೆ ಅದಕ್ಕಿಂತ ಕೆಟ್ಟ ಆಕಾರ ಇನ್ನೊಂದಿಲ್ಲ. ಹತ್ತಡಿ ಅಂತರದ ಎರಡು ಗೋಡೆಗಳ ನಡುವೆ ಸುಮಾರು 56 ಹರ್ಟ್ಸ್‌ನ (ಸೆಕೆಂಡಿಗೆ 56 ಕಂಪನದ) ತಗ್ಗಿನ ಸದ್ದು ಅಲ್ಲೇ ನಿಂತು ಗುಂಯ್‌ಗುಡುತ್ತದೆ. ಅದರ ದುಪ್ಪಟ್ಟು 112ರಲ್ಲೂ ಹಾಗೆಯೇ. ಉದ್ದ, ಅಗಲ, ಎತ್ತರ ಮೂರೂ ಒಂದೇ ಆದಾಗ ಮೂರರ ಗುಂಯ್‌ಕಾರವೂ ಒಂದರ ಮೇಲೊಂದು ಬೀಳುತ್ತದೆ. ಇಷ್ಟಾದರೂ ಕೋಣೆಯ ನಟ್ಟನಡುವೆ ಕುಳಿತವರಿಗೆ ಆ 56 ಹರ್ಟ್ಸ್ ಹೆಚ್ಚುಕಡಿಮೆ ಕೇಳಿಸುವುದೇ ಇಲ್ಲ. ಬೇಸ್ ಸಾಲದೆಂದು ನೀವು ಏರಿಸುತ್ತೀರಿ, ಅದೇ ಹಾಡು ಗಿರಾಕಿಯ ಕಾರಿನಲ್ಲಿ ಗುಡುಗುತ್ತದೆ. ಲಕ್ಷ ರೂಪಾಯಿಯ ಸ್ಪೀಕರ್ ತಂದರೂ ಈ ತಾಪತ್ರಯ ತಪ್ಪದು.

ಆದ್ದರಿಂದ ಮೊದಲ ಖರ್ಚು ಸದ್ದು ಹೀರುವ ರಾಕ್‌ವುಲ್‌ಗೆ (ಕಲ್ಲನ್ನು ಕರಗಿಸಿ ಎಳೆದ ನಾರಿನ ಹಾಸು). ಘನಮೀಟರಿಗೆ 48ರಿಂದ 64 ಕೆಜಿ ಸಾಂದ್ರತೆಯದು ಸಾಕು. ಬಡಗಿಯ ಹತ್ತಿರ 4x2 ಅಡಿಯ ಮರದ ಚೌಕಟ್ಟು ಮಾಡಿಸಿ, 4 ಅಂಗುಲ ದಪ್ಪ ತುಂಬಿ, ಬಟ್ಟೆ ಹೊದಿಸಿ. ಬಟ್ಟೆಗೆ ಬಾಯಿಟ್ಟು ಊದಿದರೆ ಉಸಿರು ಆಚೆ ಹೋಗಬೇಕು. ರೆಕ್ಸಿನ್ ಹೊದಿಸಿದರೆ ಮೇಲುಸ್ಥಾಯಿಯ ಸದ್ದು ಅದಕ್ಕೆ ತಾಗಿ ಹಿಂದಿರುಗುತ್ತದೆ. ರಾಕ್‌ವುಲ್ ಕತ್ತರಿಸುವಾಗ ಕೈಗವಸು, ಮಾಸ್ಕ್ ಇರಲಿ. ಎಂಟು ಹಲಗೆಗಳಾದರೆ ನಾಲ್ಕನ್ನು ಮೂಲೆಗಳಿಗೆ ಓರೆಯಾಗಿ ನಿಲ್ಲಿಸಿ. ಎರಡು ಪಕ್ಕದ ಗೋಡೆಗಳಿಗೆ, ಒಂದು ತಲೆಯ ಮೇಲಿನ ಚಾವಣಿಗೆ, ಒಂದು ಬೆನ್ನ ಹಿಂದಿನ ಗೋಡೆಗೆ. ಪಕ್ಕದ ಗೋಡೆಯಲ್ಲಿ ಎಲ್ಲಿ ಹಾಕಬೇಕೆಂಬುದಕ್ಕೆ ಹಳೆಯ ಉಪಾಯವೊಂದಿದೆ. ನೀವು ಕುರ್ಚಿಯಲ್ಲಿ ಕುಳಿತಿರಿ, ಇನ್ನೊಬ್ಬರು ಗೋಡೆಗೆ ಕನ್ನಡಿ ಒತ್ತಿ ಸರಿಸುತ್ತಾ ಹೋಗಲಿ. ಕನ್ನಡಿಯಲ್ಲಿ ಸ್ಪೀಕರ್ ಎಲ್ಲಿ ಕಾಣುತ್ತದೋ ಅಲ್ಲಿ ಹಲಗೆ. ಗೋಡೆಗೂ ಹಲಗೆಗೂ ನಡುವೆ ಎರಡು-ಮೂರು ಅಂಗುಲ ಜಾಗ ಬಿಟ್ಟರೆ ಕೆಳಸ್ಥಾಯಿಯನ್ನು ಇನ್ನಷ್ಟು ಹೀರುತ್ತದೆ.

ಮೊಟ್ಟೆ ಟ್ರೇ ಅಂಟಿಸುವ ಸಲಹೆ ಯಾರಾದರೂ ಕೊಟ್ಟೇ ಕೊಡುತ್ತಾರೆ. ನಕ್ಕು ಸುಮ್ಮನಾಗಿ. ತೆಳು ಫೋಮ್ ಕೂಡ ಮೇಲಿನ ಝಣಝಣವನ್ನಷ್ಟೇ ತಿನ್ನುತ್ತದೆ, ಬೇಸ್ ಹಾಗೇ ಉಳಿದು ಕೋಣೆ ಇನ್ನಷ್ಟು ಮಬ್ಬಾಗುತ್ತದೆ. ಇನ್ನೊಂದು ಮಾತು: ಈ ಹಲಗೆಗಳು ಪಕ್ಕದ ಮನೆಗೆ ಹೋಗುವ ಸದ್ದನ್ನು ತಡೆಯುವುದಿಲ್ಲ. ಅದು ಬೇರೆಯೇ ಕೆಲಸ, ಬೇರೆಯೇ ಖರ್ಚು.

ಕುರ್ಚಿ ಎದುರಿನ ಗೋಡೆಯಿಂದ 3 ಅಡಿ 9 ಅಂಗುಲದ ಸುಮಾರಿಗೆ ಇರಲಿ. ಎರಡು ಸ್ಪೀಕರ್, ನಿಮ್ಮ ತಲೆ, ಈ ಮೂರೂ ಸಮಬಾಹು ತ್ರಿಕೋನವಾಗಬೇಕು. ಇಷ್ಟು ಚಿಕ್ಕ ಕೋಣೆಗೆ ಯಮಹಾ ಎಚ್‌ಎಸ್5ರಂಥ ಐದಂಗುಲದ ಜೋಡಿ ಧಾರಾಳ. ಎಂಟಂಗುಲದ್ದು ತಂದರೆ ತಲೆನೋವನ್ನೇ ತಂದ ಹಾಗೆ. ಬೇಸ್ ತಾಳೆ ನೋಡಲು ಸೆನ್‌ಹೈಸರ್ ಎಚ್‌ಡಿ 600ರಂಥ ತೆರೆದ ಬೆನ್ನಿನ ಹೆಡ್‌ಫೋನ್, ಎರಡು ಚಾನೆಲ್ಲಿನ ಆಡಿಯೊ ಇಂಟರ್‌ಫೇಸ್ (ಕಂಪ್ಯೂಟರಿಗೂ ಮೈಕ್-ಸ್ಪೀಕರಿಗೂ ನಡುವಿನ ಪೆಟ್ಟಿಗೆ), ಒಂದು ಯುಪಿಎಸ್ ಬೇಕು. ಸಾಫ್ಟ್‌ವೇರಿಗೆ ರೀಪರ್ ಸಾಕು: 60 ದಿನ ಬಿಟ್ಟಿ ಬಳಸಿ ನೋಡಬಹುದು, ಆಮೇಲೆ ಸಣ್ಣ ಗಳಿಕೆಯವರಿಗೆ 60 ಡಾಲರ್. ರೂಮ್ ಇಕ್ಯೂ ವಿಝಾರ್ಡ್ ಎಂಬ ಉಚಿತ ತಂತ್ರಾಂಶ ಹಾಗೂ ಅಳತೆಯ ಮೈಕ್ ಇದ್ದರೆ ಹಲಗೆ ಹಾಕುವ ಮುಂಚೆ, ಹಾಕಿದ ಮೇಲೆ ಕೋಣೆ ಎಷ್ಟು ಬದಲಾಯಿತೆಂದು ಕಣ್ಣಾರೆ ಕಾಣುತ್ತದೆ.

ಪ್ರಶ್ನೆ: ಗಾಯಕರು ವಾಟ್ಸಾಪ್‌ನಲ್ಲಿ ಟ್ರ್ಯಾಕ್ ಕಳಿಸುತ್ತಾರೆ. ಕೂಡಿಸಿದರೆ ತಾಳವೇ ಸೇರುವುದಿಲ್ಲ. ಒಮ್ಮೆ ಹಾಡಿನ ಶ್ರುತಿಯೇ ಏರಿತ್ತು. ತಪ್ಪು ಯಾರದು? — ಓದುಗ, ಹುಬ್ಬಳ್ಳಿ

ಉತ್ತರ: ಶ್ರುತಿ ಏರಿದ್ದು ಸ್ಯಾಂಪಲ್ ರೇಟ್ (ಸೆಕೆಂಡಿಗೆ ಎಷ್ಟು ಸಲ ಸದ್ದಿನ ಮಾದರಿ ಹಿಡಿದಿದೆ ಎಂಬ ಲೆಕ್ಕ) ಹೊಂದದ್ದರಿಂದ. 44.1 ಕಿಲೋಹರ್ಟ್ಸ್‌ನಲ್ಲಿ ಮುದ್ರಿಸಿದ ಫೈಲನ್ನು 48ರ ವೇಗದಲ್ಲಿ ನುಡಿಸಿದರೆ ಶ್ರುತಿ ಸುಮಾರು ಒಂದೂವರೆ ಸ್ವರಸ್ಥಾನ ಮೇಲೇರುತ್ತದೆ, ನಾಲ್ಕು ನಿಮಿಷದ ಹಾಡು 3 ನಿಮಿಷ 40 ಸೆಕೆಂಡಿಗೇ ಮುಗಿಯುತ್ತದೆ. ಕೆಲಸ ಆರಂಭಿಸುವ ಮುಂಚೆ ಎಲ್ಲ ಫೈಲುಗಳ ರೇಟ್ ಒಂದೇ ಇದೆಯೇ ಎಂದು ನೋಡಿ, ಇಲ್ಲದಿದ್ದರೆ ಪರಿವರ್ತಿಸಿಕೊಳ್ಳಿ.

ತಾಳ ಸೇರದಿರುವುದಕ್ಕೆ ಎಂಪಿ3 ಕಾರಣವಿರಬಹುದು. ಎಂಪಿ3 ಮಾಡುವಾಗ ಫೈಲಿನ ಆರಂಭಕ್ಕೆ ಚೂರು ಮೌನ ಸೇರಿಕೊಳ್ಳುತ್ತದೆ. ತಬಲಾ ವೇವ್‌ನಲ್ಲಿ (ಕುಗ್ಗಿಸದ ಫೈಲ್), ಹಾಡು ಎಂಪಿ3ಯಲ್ಲಿ ಬಂದರೆ ಹಾಡು ಹಿಂದೆ ಬೀಳುತ್ತದೆ. ಗಾಯಕರಿಗೂ ಪ್ರೋಗ್ರಾಮರಿಗೂ (ಕೀಬೋರ್ಡ್, ಕಂಪ್ಯೂಟರಿನಲ್ಲಿ ಹಾಡಿನ ವಾದ್ಯಭಾಗ ಕಟ್ಟುವವರು) ಮೊದಲೇ ಒಂದು ಒಕ್ಕಣೆ ಬರೆದು ಕಳಿಸಿಬಿಡಿ: ವೇವ್ ಫೈಲ್, 24 ಬಿಟ್, 48 ಕಿಲೋಹರ್ಟ್ಸ್, ದನಿ ಎರಡನೇ ಚರಣದಲ್ಲೇ ಶುರುವಾದರೂ ಪ್ರತಿ ಫೈಲೂ ಹಾಡಿನ ಸೊನ್ನೆ ಸೆಕೆಂಡಿನಿಂದಲೇ ಆರಂಭವಾಗಬೇಕು, ಜೊತೆಗೆ ಲಯದ ಬಿಪಿಎಂ (ನಿಮಿಷಕ್ಕೆ ಎಷ್ಟು ಪೆಟ್ಟು), ಶ್ರುತಿ, ಅವರೇ ಮಾಡಿಕೊಂಡ ಕಚ್ಚಾ ಮಿಕ್ಸ್. ಗೂಗಲ್ ಡ್ರೈವ್ ಒಳ್ಳೆಯದು. ವಾಟ್ಸಾಪೇ ಗತಿ ಎನ್ನುವವರು ಆಡಿಯೊ ಎಂದು ಕಳಿಸದೆ ಡಾಕ್ಯುಮೆಂಟ್ ಎಂದು ಕಳಿಸಲಿ. ಮುದ್ರಣದ ಮಟ್ಟ ಮೈನಸ್ 6 ಡೆಸಿಬೆಲ್ ದಾಟದಿರಲಿ (ಡಿಜಿಟಲ್ ಮುದ್ರಣದಲ್ಲಿ ಸೊನ್ನೆಯೇ ಗರಿಷ್ಠ). ಸೊನ್ನೆ ಮುಟ್ಟಿ ಒಡೆದ ದನಿಯನ್ನು ಪೂರ್ತಿ ಸರಿಮಾಡುವ ಮದ್ದಿಲ್ಲ, ಮತ್ತೆ ಹಾಡಿಸುವುದೇ ಅಗ್ಗ.

ತಬಲಾಕ್ಕೆ ಎರಡು ಮೈಕ್ ಇಟ್ಟಿದ್ದರೆ ಒಂದರ ಪೊಲಾರಿಟಿ ಗುಂಡಿ (ಸದ್ದಿನ ಅಲೆಯನ್ನು ತಲೆಕೆಳಗು ಮಾಡುವಂಥದ್ದು) ಒತ್ತಿ ನೋಡಿ. ಡಗ್ಗಾ (ತಬಲಾ ಜೋಡಿಯ ತಗ್ಗಿನ ದನಿಯ ವಾದ್ಯ) ತುಂಬಿಕೊಂಡು ಕೇಳಿಸುವ ಕಡೆ ಬಿಡಿ. ಬೇಸ್ ಹುಡುಕಿ ಗಂಟೆಗಟ್ಟಲೆ ಈಕ್ವಲೈಜರ್ ತಿರುಗಿಸುವುದು ಎಷ್ಟೋ ಸಲ ಈ ಒಂದು ಗುಂಡಿಯಿಂದ ತಪ್ಪುತ್ತದೆ.

ಪ್ರಶ್ನೆ: ಕರ್ನಾಟಕ ಸಂಗೀತದ ಗಾಯಕಿಯೊಬ್ಬರ ದನಿಗೆ ಪಿಚ್ (ಸ್ವರದ ಮಟ್ಟ) ಸರಿಪಡಿಸಿದೆ. "ನನ್ನ ಗಮಕ ಎಲ್ಲಿ ಹೋಯ್ತು?" ಎಂದು ಸಿಟ್ಟಾದರು. — ಓದುಗ, ಮೈಸೂರು

ಉತ್ತರ: ಸಿಟ್ಟು ನ್ಯಾಯವಾದದ್ದೇ. ತೋಡಿ ರಾಗದ ಗಾಂಧಾರ ಒಂದೆಡೆ ನಿಲ್ಲುವ ಸ್ವರವೇ ಅಲ್ಲ, ತೂಗಾಡುವುದೇ ಅದರ ರೂಪ, ಅದೇ ಗಮಕ. ತಾನಾಗಿ ಸರಿಪಡಿಸುವ ಸಾಫ್ಟ್‌ವೇರಿಗೆ ಅದು ಅಪಶ್ರುತಿ, ಹಿಡಿದು ಹತ್ತಿರದ ಮೆಟ್ಟಿಲಿಗೆ ಕಟ್ಟಿಹಾಕುತ್ತದೆ. ಇಂಥ ಹಾಡಿಗೆ ಸ್ವಯಂಚಾಲಿತ ತಿದ್ದುಪಡಿ ಬೇಡವೇ ಬೇಡ. ಮೆಲೊಡೈನ್‌ನಂಥ ಸಾಫ್ಟ್‌ವೇರಿನಲ್ಲಿ ಕೈಯಿಂದಲೇ, ನೀಳವಾಗಿ ನಿಂತ ಷಡ್ಜ, ಪಂಚಮಗಳು ಜಾರಿದ್ದರೆ ಅವುಗಳ ನಡುಬಿಂದುವನ್ನಷ್ಟೇ ಸರಿಸಿ, ಒಳಗಿನ ಅಲುಗಾಟವನ್ನು ಮುಟ್ಟಬೇಡಿ.

ಅದಕ್ಕೂ ಮೊದಲು ತಂಬೂರಿಯ ಶ್ರುತಿ ಅಳೆಯಿರಿ. ಸಾಫ್ಟ್‌ವೇರ್ 440 ಹರ್ಟ್ಸ್ ಆಧಾರ ಹಿಡಿದಿರುತ್ತದೆ. ತಂಬೂರಿಯೋ ಹಾರ್ಮೋನಿಯಮ್ಮೋ ಅದಕ್ಕಿಂತ ಕೂದಲೆಳೆಯಷ್ಟು ಮೇಲಿದ್ದರೆ, ನೀವು ತಿದ್ದಿದಷ್ಟೂ ದನಿ ತಂಬೂರಿಯಿಂದ ದೂರ ಸರಿಯುತ್ತದೆ. ಆಧಾರವನ್ನು ಬದಲಿಸಿಕೊಂಡೇ ಕೈಹಾಕಿ. ಸ, ಶ, ಚ ಅಕ್ಷರಗಳು ಚುಚ್ಚುತ್ತಿದ್ದರೆ ಆ ಸೀಳುಸದ್ದನ್ನಷ್ಟೇ ತಗ್ಗಿಸುವ ಡಿ-ಎಸ್ಸರ್ ಅನ್ನು 5ರಿಂದ 8 ಕಿಲೋಹರ್ಟ್ಸ್ ನಡುವೆ ಇಟ್ಟು ಮೂರ್ನಾಲ್ಕು ಡೆಸಿಬೆಲ್ ಇಳಿಸಿ. ಜಾಸ್ತಿ ಇಳಿಸಿದರೆ ಗಾಯಕಿಗೆ ತೊದಲು ಬಂದಂತಾಗುತ್ತದೆ.

ಪ್ರಶ್ನೆ: ಒಂದು ಹಾಡಿಗೆ ಎಷ್ಟು ಕೇಳಬೇಕು? "ಇದೊಂದು ಮಾಡಿಕೊಡಿ, ಮುಂದಿನ ಆಲ್ಬಮ್ ನಿಮಗೇ" ಎನ್ನುವವರೇ ಹೆಚ್ಚು. — ಓದುಗಿ, ಬೆಂಗಳೂರು

ಉತ್ತರ: ಬೇರೆಯವರ ದರ ನೋಡಿ ನಿಮ್ಮ ದರ ಕಟ್ಟಬೇಡಿ, ನಿಮ್ಮ ದಿನದ ಬೆಲೆಯಿಂದ ಕಟ್ಟಿ. ಲೆಕ್ಕಕ್ಕೆಂದು ಹೀಗೆ ಹಿಡಿಯೋಣ: ಮನೆಖರ್ಚು 30,000, ಬಾಡಿಗೆ-ಕರೆಂಟು-ಇಂಟರ್ನೆಟ್ 8,000, ಉಪಕರಣದ ಸವಕಳಿ 4,000. ಒಟ್ಟು 42,000. ತಿಂಗಳಲ್ಲಿ ಹಣ ಹುಟ್ಟುವ ದಿನಗಳು ಹೆಚ್ಚೆಂದರೆ 14, ಉಳಿದವು ಫೋನು, ಬಾಕಿ ವಸೂಲಿ, ಖಾಲಿ ಕೂರುವುದಕ್ಕೆ ಹೋಗುತ್ತವೆ. ಅಲ್ಲಿಗೆ ದಿನಕ್ಕೆ 3,000. ನಲವತ್ತು ಟ್ರ್ಯಾಕಿನ ಹಾಡೆಂದರೆ ಫೈಲ್ ಹಸನು ಮಾಡಲು ಅರ್ಧ ದಿನ, ಮಿಕ್ಸ್‌ಗೆ ಒಂದು, ತಿದ್ದುಪಡಿಗೆ ಅರ್ಧ: 6,000. ತಂಬೂರಿ, ತಬಲಾ, ಕೊಳಲು, ದನಿಯಷ್ಟೇ ಇರುವ ಭಾವಗೀತೆ ಒಂದು ದಿನದ್ದು: 3,000. ಪಿಚ್ ತಿದ್ದುವುದು ಮಿಕ್ಸಿಂಗ್ ಅಲ್ಲ, ಅದಕ್ಕೆ ಬೇರೆ ದರ.

ದುಡ್ಡಿಗಿಂತ ಹೆಚ್ಚು ಜಗಳ ತಿದ್ದುಪಡಿಯಲ್ಲಿ. ಗಾಯಕಿ ದನಿ ಏರಿಸಿ ಎನ್ನುತ್ತಾರೆ, ಸಂಗೀತ ನಿರ್ದೇಶಕರು ಇಳಿಸಿ ಎನ್ನುತ್ತಾರೆ, ದುಡ್ಡು ಹಾಕಿದವರ ಭಾವಮೈದ ಬೇಸ್ ಸಾಲದು ಎನ್ನುತ್ತಾನೆ. ಕೆಲಸ ಒಪ್ಪಿಕೊಳ್ಳುವಾಗಲೇ ಬರೆದು ಕಳಿಸಿ: ಎರಡು ಸುತ್ತು ತಿದ್ದುಪಡಿ ದರದಲ್ಲೇ ಸೇರಿದೆ, ಮೂರನೆಯದಕ್ಕೆ ಅರ್ಧ ದಿನದ ಕೂಲಿ, ಎಲ್ಲರ ಅಭಿಪ್ರಾಯವನ್ನು ಒಬ್ಬರೇ ಕೂಡಿಸಿ, ನಿಮಿಷ-ಸೆಕೆಂಡು ಸಮೇತ ಬರೆದು ಕೊಡಬೇಕು. ಅರ್ಧ ಮುಂಗಡ. ಬಾಕಿ ಬರುವವರೆಗೆ ಕೇಳಲು ಎಂಪಿ3 ಮಾತ್ರ. ಬಂದ ಮೇಲೆ ವೇವ್‌ನಲ್ಲಿ ಪೂರ್ಣ ಮಿಕ್ಸ್, ದನಿ 1 ಡೆಸಿಬೆಲ್ ಏರಿಸಿದ್ದು, ವೇದಿಕೆಗೆ ಬೇಕಾಗುವ ಕರೋಕೆ, ಈ ಮೂರನ್ನೂ ಒಟ್ಟಿಗೇ ಕೊಡಿ. ಆರು ತಿಂಗಳ ಮೇಲೆ ಕರೋಕೆ ಕೇಳಿ ಫೋನು ಬಂದೇ ಬರುತ್ತದೆ.

ಮುಂದಿನ ಆಲ್ಬಮ್ಮಿನ ಆಸೆ ತೋರಿಸುವವರಿಗೆ ದರ ಇಳಿಸಬೇಡಿ, ಕೆಲಸ ಇಳಿಸಿ: ಒಂದೇ ಸುತ್ತು ತಿದ್ದುಪಡಿ, ಪಿಚ್ ಇಲ್ಲ, ಕರೋಕೆ ಇಲ್ಲ. ಜಿಎಸ್‌ಟಿ ನೋಂದಣಿಯ ಚಿಂತೆ ವರ್ಷದ ವಹಿವಾಟು 20 ಲಕ್ಷ ದಾಟುವವರೆಗೆ ಸಾಮಾನ್ಯವಾಗಿ ಇರುವುದಿಲ್ಲ. ಕಂಪನಿಗಳು ಟಿಡಿಎಸ್ (ಮೂಲದಲ್ಲೇ ಕಡಿತವಾಗುವ ತೆರಿಗೆ) ಹಿಡಿದು ಕೊಟ್ಟರೆ ಅದು ನಿಮ್ಮ ಪಾನ್ ಸಂಖ್ಯೆಗೆ ಜಮೆಯಾಗಿದೆಯೇ ಎಂದು ನೋಡಿಕೊಳ್ಳಿ.

ಪ್ರಶ್ನೆ: ನನ್ನ ಹಾಡು ಯೂಟ್ಯೂಬ್‌ನಲ್ಲಿ ಬೇರೆಯವರದಕ್ಕಿಂತ ಸಣ್ಣಗೆ ಕೇಳುತ್ತದೆ. — ಓದುಗ, ಉಡುಪಿ

ಉತ್ತರ: ಯೂಟ್ಯೂಬ್ ಸುಮಾರು ಮೈನಸ್ 14 ಲಫ್ಸ್‌ಗಿಂತ (ಹಾಡಿನ ಒಟ್ಟು ಜೋರನ್ನು ಅಳೆಯುವ ಮಾನ) ಜೋರಾದದ್ದನ್ನು ಇಳಿಸುತ್ತದೆ, ಸಣ್ಣಗಿರುವುದನ್ನು ಏರಿಸುವುದಿಲ್ಲ. ನಿಮ್ಮದು ಬಹುಶಃ ಮೈನಸ್ 20ರ ಸುಮಾರಿಗಿದೆ, ಅಳೆದು ನೋಡಿ. ಢೋಲಕ್ಕಿನ ಒಂದೆರಡು ಪೆಟ್ಟು ಸೊನ್ನೆಯ ಹತ್ತಿರ ಹಾರಿ ಉಳಿದದ್ದಕ್ಕೆ ಏರಲು ಜಾಗವೇ ಇರುವುದಿಲ್ಲ. ಆ ಪೆಟ್ಟುಗಳನ್ನು ಢೋಲಕ್ಕಿನ ಟ್ರ್ಯಾಕಿನಲ್ಲೇ ಎರಡು-ಮೂರು ಡೆಸಿಬೆಲ್ ತಗ್ಗಿಸಿ, ಆಮೇಲೆ ಒಟ್ಟು ಹಾಡಿಗೆ ಲಿಮಿಟರ್ (ಸದ್ದು ಮಿತಿ ದಾಟದಂತೆ ತಡೆಯುವ ಸಾಧನ) ಹಾಕಿ, ಟ್ರೂ ಪೀಕ್ (ಸದ್ದು ಏರುವ ನಿಜವಾದ ತುದಿ) ಮೈನಸ್ 1 ಡೆಸಿಬೆಲ್‌ಗೆ ನಿಲ್ಲಿಸಿ. ಮೊಬೈಲಿನ ಪುಟ್ಟ ಸ್ಪೀಕರ್ ಕೆಳಸ್ಥಾಯಿಯನ್ನು ನುಡಿಸಲಾರದು. ಬೇಸ್ ಗಿಟಾರಿಗೆ ಸ್ವಲ್ಪ ಸ್ಯಾಚುರೇಶನ್ (ಸದ್ದನ್ನು ತುಸು ಒರಟಾಗಿಸಿ ಅನುಸ್ವರ ಹುಟ್ಟಿಸುವುದು) ಕೊಟ್ಟರೆ ಅದರ ಮೇಲಿನ ಅನುಸ್ವರಗಳಾದರೂ ಕೇಳಿಸುತ್ತವೆ.

ಪ್ರಶ್ನೆ: ಮೊದಲ ಗಿರಾಕಿ ಎಲ್ಲಿ ಸಿಗುತ್ತಾರೆ? — ಓದುಗ, ಕಲಬುರಗಿ

ಉತ್ತರ: ಗಾಯಕರನ್ನು ಹುಡುಕುವುದಕ್ಕಿಂತ ಕೀಬೋರ್ಡ್ ಪ್ರೋಗ್ರಾಮರುಗಳನ್ನು ಹುಡುಕಿ. ಹವ್ಯಾಸಿ ಗಾಯಕರು ವರ್ಷಕ್ಕೆ ಒಂದು ಹಾಡು ತರಬಹುದು, ಪ್ರೋಗ್ರಾಮರ್ ಹತ್ತಿರ ತಿಂಗಳು ತಿಂಗಳೂ ಹಾಡುಗಳಿರುತ್ತವೆ. ಅಭ್ಯಾಸಕ್ಕೆ ಕೇಂಬ್ರಿಡ್ಜ್ ಮ್ಯೂಸಿಕ್ ಟೆಕ್ನಾಲಜಿ ಜಾಲತಾಣದಲ್ಲಿ ಬಿಡಿ ಟ್ರ್ಯಾಕುಗಳು ಉಚಿತವಾಗಿ ಸಿಗುತ್ತವೆ. ಅವು ಕಲಿಕೆಗಷ್ಟೇ, ನಿಮ್ಮ ಗಿರಾಕಿಯ ಹಾಡೆಂದು ತೋರಿಸಬೇಡಿ. ಭಜನಾ ಮಂಡಳಿ, ಕಾಲೇಜಿನ ತಂಡಗಳ ಎರಡು-ಮೂರು ಹಾಡು ಮಾಡಿ, ಅವರ ಒಪ್ಪಿಗೆ ಪಡೆದು, ಮಿಕ್ಸ್‌ಗೆ ಮುಂಚೆ 15 ಸೆಕೆಂಡು, ಆಮೇಲೆ 15 ಸೆಕೆಂಡು ಒಂದೇ ಜೋರಿನಲ್ಲಿ ಕೇಳಿಸಿ. ಆಮೇಲಿನದನ್ನು ಜೋರಾಗಿಟ್ಟು ಮೋಸ ಮಾಡಿದರೆ ಪ್ರೋಗ್ರಾಮರ್ ಕಿವಿಗೆ ತಕ್ಷಣ ತಿಳಿಯುತ್ತದೆ. ಕ್ರಮವಾಗಿ ಓದಬೇಕೆಂದರೆ ಹೆಸರಘಟ್ಟದ ಸರ್ಕಾರಿ ಚಲನಚಿತ್ರ ಮತ್ತು ದೂರದರ್ಶನ ಸಂಸ್ಥೆಯಲ್ಲಿ ಧ್ವನಿಗ್ರಹಣದ ಡಿಪ್ಲೊಮಾ ಇದೆ.

ಪ್ರಶ್ನೆ: ಹಾಡು ಹಿಟ್ ಆದರೆ ಮಿಕ್ಸ್ ಮಾಡಿದವರಿಗೆ ರಾಯಲ್ಟಿ ಬರುತ್ತದೆಯೇ? — ಓದುಗ, ದಾವಣಗೆರೆ

ಉತ್ತರ: ತಾನಾಗಿ ಬರುವುದಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಧ್ವನಿಮುದ್ರಿಕೆಯ ಕರ್ತೃ ಅದರ ನಿರ್ಮಾಪಕ. ಹಾಡಿನ ರಾಯಲ್ಟಿ ವಸೂಲು ಮಾಡುವ ಸಂಘವಾದ ಐಪಿಆರ್‌ಎಸ್ ಹಂಚುವ ಹಣ ಸಂಗೀತ ಸಂಯೋಜಕರಿಗೆ, ಗೀತರಚನಕಾರರಿಗೆ, ಪ್ರಕಾಶಕರಿಗೆ. ಪಾಲು ಬೇಕಿದ್ದರೆ ಕೆಲಸಕ್ಕೆ ಮೊದಲೇ ಕರಾರಿನಲ್ಲಿ ಬರೆಸಿಕೊಳ್ಳಬೇಕು. ವಿಡಿಯೊದ ವಿವರಣೆಯಲ್ಲಿ ನಿಮ್ಮ ಹೆಸರು ಹಾಕುವ ಮಾತನ್ನೂ ಅದೇ ಕಾಗದದಲ್ಲಿ ಸೇರಿಸಿ. ಹಾಡು ಬಿಡುಗಡೆಯಾದ ಮೇಲೆ ಕೇಳಿದರೆ "ನೋಡೋಣ" ಎನ್ನುತ್ತಾರೆ.