ಪ್ರತಿಕ್ರಿಯೆ: ಕಾಲೇಜ್ ಲ್ಯಾಬಿನ ಅರ್ಧ ಕಂಪ್ಯೂಟರ್‌ಗಳಿಗೆ ತಪ್ಪು ಐಪಿ ವಿಳಾಸ

ನಿಮ್ಮ ಲ್ಯಾಬಿನ ಅರ್ಧ ಕಂಪ್ಯೂಟರ್‌ಗಳಿಗೆ ತಪ್ಪು ಐಪಿ ವಿಳಾಸ (ನೆಟ್‌ವರ್ಕಿನಲ್ಲಿ ಕಂಪ್ಯೂಟರಿನ ಗುರುತು ಸಂಖ್ಯೆ) ಬರುತ್ತಿದೆ, ಐಟಿ ವಿಭಾಗದವರು ಎಲ್ಲ ಫಾರ್ಮ್ಯಾಟ್ ಮಾಡಿ ಎನ್ನುತ್ತಿದ್ದಾರೆ ಎಂದು ಬರೆದಿದ್ದೀರಿ. 10.20 ಎಂದು ಶುರುವಾಗುವ ವಿಳಾಸ ಬರಬೇಕಾದಲ್ಲಿ 192.168.0 ಬರುತ್ತಿದ್ದರೆ, ಯಾರೋ ಮನೆಯ ವೈಫೈ ರೌಟರ್ ತಂದು ಕಾಲೇಜಿನ ಕೇಬಲನ್ನು ಅದರ ಲ್ಯಾನ್ ಪೋರ್ಟಿಗೆ ಚುಚ್ಚಿರುವ ಸಾಧ್ಯತೆಯೇ ಹೆಚ್ಚು. ಅದೂ ಡಿಎಚ್‌ಸಿಪಿ (ಕಂಪ್ಯೂಟರ್‌ಗಳಿಗೆ ತಾನಾಗಿಯೇ ಐಪಿ ವಿಳಾಸ ಕೊಡುವ ವ್ಯವಸ್ಥೆ) ಮೂಲಕ ವಿಳಾಸ ಹಂಚುತ್ತದೆ; ಸಾಮಾನ್ಯವಾಗಿ ಮೊದಲು ತಲುಪಿದ ಉತ್ತರವನ್ನೇ ಕಂಪ್ಯೂಟರ್ ಹಿಡಿಯುತ್ತದೆ. ಅದಕ್ಕೇ ಅರ್ಧ ಸರಿ, ಅರ್ಧ ಇಲ್ಲ. ನಿಮ್ಮ ಐಟಿ ವಿಭಾಗದವರು ಹೇಳಿದಂತೆ ಎಲ್ಲ ಫಾರ್ಮ್ಯಾಟ್ ಮಾಡಿದರೂ ಇದು ಹೋಗುವುದಿಲ್ಲ, ದಯವಿಟ್ಟು ಮಾಡಬೇಡಿ.

ತೊಂದರೆಯಿರುವ ಕಂಪ್ಯೂಟರಿನ ಕಮಾಂಡ್ ಪ್ರಾಂಪ್ಟಿನಲ್ಲಿ 'ಐಪಿಕಾನ್ಫಿಗ್ /ಆಲ್' ಕೊಟ್ಟು 'ಡಿಎಚ್‌ಸಿಪಿ ಸರ್ವರ್' ಸಾಲಿನ ವಿಳಾಸ ಬರೆದುಕೊಳ್ಳಿ. ಅಲ್ಲಿ ನಿಮ್ಮದೇ ಸರ್ವರ್ ಕಂಡರೆ ನನ್ನ ಊಹೆ ತಪ್ಪು. ಆಗ ಸರ್ವರಿನ ಸ್ಕೋಪ್ (ಅದು ಹಂಚುವ ವಿಳಾಸಗಳ ವ್ಯಾಪ್ತಿ) ಮತ್ತು ಆ ಕಂಪ್ಯೂಟರ್‌ಗಳ ಕೇಬಲ್ ಸೇರುವ ಸ್ವಿಚ್ (ನೆಟ್‌ವರ್ಕ್ ಕೇಬಲ್‌ಗಳನ್ನು ಜೋಡಿಸುವ ಪೆಟ್ಟಿಗೆ) ಪೋರ್ಟುಗಳ ವಿಎಲ್ಯಾನ್ (ಒಂದೇ ಸ್ವಿಚ್ಚಿನಲ್ಲಿ ಬೇರೆಬೇರೆಯಾಗಿ ವಿಂಗಡಿಸಿದ ನೆಟ್‌ವರ್ಕ್) ನೋಡಿ. ಬೇರೆ ವಿಳಾಸವಿದ್ದರೆ ಅದಕ್ಕೆ ಪಿಂಗ್ (ಉತ್ತರ ಬರುತ್ತದೆಯೇ ಎಂದು ನೋಡುವ ಕಮಾಂಡ್) ಮಾಡಿ, 'ಎಆರ್‌ಪಿ -ಎ' ಕೊಡಿ, ಮ್ಯಾಕ್ ವಿಳಾಸ (ಆ ಸಾಧನದ ನೆಟ್‌ವರ್ಕ್ ಕಾರ್ಡಿನ ಗುರುತು ಸಂಖ್ಯೆ) ಸಿಗುತ್ತದೆ. ಸ್ವಿಚ್ಚಿನ ಮ್ಯಾಕ್ ಟೇಬಲಿನಲ್ಲಿ ಅದು ಯಾವ ಪೋರ್ಟಿನಲ್ಲಿದೆ ಹುಡುಕಿ. ಆ ಪೋರ್ಟ್ ಅಪ್‌ಲಿಂಕ್ (ಇನ್ನೊಂದು ಸ್ವಿಚ್ಚಿಗೆ ಹೋಗುವ ಪೋರ್ಟ್) ಆಗಿದ್ದರೆ ಮುಂದಿನ ಸ್ವಿಚ್ಚಿಗೆ ಹೋಗಿ. ಇಂಥ ಟೇಬಲ್ ತೋರಿಸದ ಸಾದಾ ಸ್ವಿಚ್ ಆದರೆ 'ಪಿಂಗ್ -ಟಿ' ಓಡಲು ಬಿಟ್ಟು ಒಂದೊಂದೇ ಕೇಬಲ್ ಕೀಳಿ. ಯಾವುದನ್ನು ಕಿತ್ತಾಗ ಪಿಂಗ್ ನಿಲ್ಲುತ್ತದೋ ಅದರ ಇನ್ನೊಂದು ತುದಿ ಹಿಡಿದು ಹೋಗಿ.

ರೌಟರ್ ಬದಲು ಯಾರದೋ ಲ್ಯಾಪ್‌ಟಾಪ್ ಸಿಕ್ಕರೆ ಹಗುರವಾಗಿ ತೆಗೆದುಕೊಳ್ಳಬೇಡಿ. ಅದು ತನ್ನದೇ ಡಿಎನ್‌ಎಸ್ (ಜಾಲತಾಣದ ಹೆಸರಿಗೆ ಐಪಿ ವಿಳಾಸ ಹುಡುಕಿಕೊಡುವ ವ್ಯವಸ್ಥೆ) ಕೊಟ್ಟು ನಕಲಿ ಲಾಗಿನ್ ಪುಟ ತೋರಿಸಬಲ್ಲದು. ಆ ಕಂಪ್ಯೂಟರ್‌ಗಳಲ್ಲಿ ಲಾಗಿನ್ ಆದವರೆಲ್ಲ ಪಾಸ್‌ವರ್ಡ್ ಬದಲಿಸಲಿ.

ಮತ್ತೆ ಆಗದಿರಲು ಮ್ಯಾನೇಜ್ಡ್ (ಸೆಟ್ಟಿಂಗ್ ಬದಲಿಸಬಹುದಾದ) ಸ್ವಿಚ್ಚುಗಳಲ್ಲಿ ಡಿಎಚ್‌ಸಿಪಿ ಸ್ನೂಪಿಂಗ್ (ಟ್ರಸ್ಟ್ ಮಾಡದ ಪೋರ್ಟಿನಿಂದ ಬರುವ ಡಿಎಚ್‌ಸಿಪಿ ಉತ್ತರಗಳನ್ನು ತಡೆಯುವ ಸೌಲಭ್ಯ) ಬೇಕು. ಮೊದಲು ಅಸಲಿ ಸರ್ವರಿನತ್ತ ಹೋಗುವ ಪೋರ್ಟುಗಳನ್ನು 'ಟ್ರಸ್ಟ್' ಮಾಡಿ, ಆಮೇಲೆ ಸ್ನೂಪಿಂಗ್ ಆನ್ ಮಾಡಿ. ಕ್ರಮ ತಪ್ಪಿದರೆ ಯಾರಿಗೂ ಹೊಸ ವಿಳಾಸ ಸಿಗುವುದಿಲ್ಲ. ಕೊನೆಗೆ ಕೆಟ್ಟಿದ್ದ ಕಂಪ್ಯೂಟರ್‌ಗಳಲ್ಲಿ 'ಐಪಿಕಾನ್ಫಿಗ್ /ರಿಲೀಸ್', ನಂತರ '/ರಿನ್ಯೂ' ಕೊಡಿ.