ವರ್ಚುವಲ್ ಸರ್ವರ್‌ನಲ್ಲಿ ಸಿಪಿಯು ಆಗಾಗ ಶೇಕಡಾ 100ಕ್ಕೆ ಏರಿ ತಾನಾಗಿಯೇ ಇಳಿಯುತ್ತಿದೆ, ಕಾರಣ ಹುಡುಕುವುದು ಹೇಗೆ?

ನಿಮ್ಮದು 2 ಕೋರ್, 2 ಜಿಬಿ ಮೆಮೊರಿಯ ವರ್ಚುವಲ್ ಸರ್ವರ್. ಉಬುಂಟು ಲಿನಕ್ಸ್ ಮೇಲೆ ವರ್ಡ್‌ಪ್ರೆಸ್‌ನ ಒಂದು ಸಣ್ಣ ಆನ್‌ಲೈನ್ ಅಂಗಡಿ. ದಿನಕ್ಕೆ ಎರಡು ಮೂರು ಸಲ ಸಿಪಿಯು 100ಕ್ಕೆ ಏರುತ್ತದೆ, ಐದು ಹತ್ತು ನಿಮಿಷ ಸೈಟ್ ತೆವಳುತ್ತದೆ, ನೀವು ಲಾಗಿನ್ ಆಗುವಷ್ಟರಲ್ಲಿ ಎಲ್ಲ ತಣ್ಣಗಾಗಿರುತ್ತದೆ. ದೊಡ್ಡ ಪ್ಲಾನ್ ತಗೊಳ್ಳಲಾ ಅಂತ ಕೇಳಿದ್ದೀರಿ.

ಈಗಲೇ ಬೇಡ. ಕಾರಣ ಗೊತ್ತಾಗದೆ ದುಡ್ಡು ಹಾಕಬೇಡಿ. ಎಷ್ಟೋ ಸಲ 4 ಕೋರ್ ಕೊಟ್ಟರೆ ಅದೇ ಕೆಲಸ ನಾಲ್ಕನ್ನೂ ನುಂಗಿ ಕೂರುತ್ತದೆ. ಏರಿದ ಕೂಡಲೇ ರೀಸ್ಟಾರ್ಟ್ ಕೂಡ ಮಾಡಬೇಡಿ, ಓಡುತ್ತಿದ್ದ ಪ್ರೋಸೆಸ್ (ಆ ಹೊತ್ತಿಗೆ ಓಡುವ ಪ್ರೋಗ್ರಾಂ) ಅದರ ಜೊತೆಗೇ ಹೋಗಿಬಿಡುತ್ತದೆ.

ಈಗ ಓಡುತ್ತಿರುವ ಪ್ರೋಸೆಸ್‌ಗಳನ್ನು ತೋರಿಸುವ ಟಾಪ್ ಕಮಾಂಡ್ ತೆರೆದಿಟ್ಟುಕೊಂಡು ಕಾಯುವುದರಿಂದ ಉಪಯೋಗ ಇಲ್ಲ. ನೀವು ಇಲ್ಲದಾಗ ನಡೆದದ್ದನ್ನು ಬರೆದಿಡುವ ವ್ಯವಸ್ಥೆ ಬೇಕು. ನಾನು ಹಾಕುವುದು ಎಟಾಪ್. ಉಬುಂಟುವಿನ ಪ್ಯಾಕೇಜ್‌ಗಳಲ್ಲೇ ಸಿಗುತ್ತದೆ, ಇನ್‌ಸ್ಟಾಲ್ ಮಾಡಿದ ಮೇಲೆ ಹಿನ್ನೆಲೆಯಲ್ಲಿ ತನ್ನ ಪಾಡಿಗೆ ಲಾಗ್ ಬರೆಯುತ್ತಿರುತ್ತದೆ. ಒಂದು ಬದಲಾವಣೆ ಮಾತ್ರ ಮರೆಯದೆ ಮಾಡಿ. ಅದರ ಸೆಟ್ಟಿಂಗ್ ಫೈಲ್‌ನಲ್ಲಿ ಲಾಗ್ ಇಂಟರ್ವಲ್ 600 ಸೆಕೆಂಡ್ ಅಂತ ಇರುತ್ತದೆ, ಅದನ್ನು 60 ಮಾಡಿ. ಯಾಕೆ ಅಂದರೆ, ಎರಡು ನಿಮಿಷ ಸಿಪಿಯು 100ರಲ್ಲಿ ಇತ್ತು, ಉಳಿದ ಎಂಟು ನಿಮಿಷ 5ರಲ್ಲಿ ಇತ್ತು ಅಂತ ಇಟ್ಟುಕೊಳ್ಳಿ. ಹತ್ತು ನಿಮಿಷದ ಸರಾಸರಿ ಬರೀ 24! ಗ್ರಾಫ್ ನೋಡಿದವರು ‘ಏನೂ ಆಗಿಲ್ವಲ್ಲ’ ಅಂತ ಸುಮ್ನಾಗುತ್ತಾರೆ. ಇಂಥದ್ದೇ ಲೆಕ್ಕ ಬರೆದಿಡುವ ಸಾರ್ ಕೂಡ ಮಾಮೂಲಿಯಾಗಿ ಹತ್ತು ನಿಮಿಷಕ್ಕೊಮ್ಮೆಯೇ ಲೆಕ್ಕ ತೆಗೆಯುವುದು. ಅಮೆಜಾನ್ ಕ್ಲೌಡ್‌ನ ನಿಗಾ ಸೇವೆ ಕ್ಲೌಡ್‌ವಾಚ್‌ನಲ್ಲಿ ದುಡ್ಡು ಕೊಡದೆ ಸಿಗುವುದು ಐದು ನಿಮಿಷದ ಲೆಕ್ಕ. ಸಣ್ಣ ಏರಿಳಿತಗಳೆಲ್ಲ ಇಲ್ಲೇ ಕಣ್ಣು ತಪ್ಪಿಸುತ್ತವೆ.

ಮುಂದಿನ ಸಲ ಏರಿದಾಗ ಗಾಬರಿಯಾಗದೆ ಸಮಯ ಬರೆದಿಟ್ಟುಕೊಳ್ಳಿ. ಆಮೇಲೆ ಎಟಾಪ್‌ನ ಆ ದಿನದ ಲಾಗ್ ತೆರೆದು ‘ಬಿ’ ಒತ್ತಿ ಆ ಸಮಯ ಕೊಡಿ. ಸಣ್ಣ ‘ಟಿ’ ಒತ್ತಿದರೆ ಒಂದು ನಿಮಿಷ ಮುಂದೆ, ಶಿಫ್ಟ್ ಹಿಡಿದು ಒತ್ತಿದರೆ ಒಂದು ನಿಮಿಷ ಹಿಂದೆ. ಮುಗಿದ ಪ್ರೋಸೆಸ್‌ಗಳ ಲೆಕ್ಕ ಇಡುವ ಪ್ರೋಸೆಸ್ ಅಕೌಂಟಿಂಗ್ ಆನ್ ಆಗಿದ್ದರೆ ಆ ನಿಮಿಷದೊಳಗೇ ಹುಟ್ಟಿ ಮುಗಿದುಹೋದ ಪ್ರೋಸೆಸ್‌ಗಳೂ ಕಾಣುತ್ತವೆ. ಟಾಪ್‌ನಲ್ಲಿ ಅವು ಸಿಗುವುದೇ ಕಷ್ಟ.

ಪ್ರೋಸೆಸ್ ಹೆಸರಿಗಿಂತ ಮೊದಲು ಸಿಪಿಯು ಸಾಲಿನ ನಾಲ್ಕು ಅಂಕಿ ನೋಡಿ. ಟಾಪ್‌ನಲ್ಲಿ ಇವೇ ಯುಎಸ್, ಎಸ್‌ವೈ, ಡಬ್ಲ್ಯುಎ, ಎಸ್‌ಟಿ. ಯುಎಸ್ ಜಾಸ್ತಿ ಇದ್ದರೆ ನಿಮ್ಮದೇ ಪ್ರೋಗ್ರಾಂ ದುಡಿಯುತ್ತಿದೆ. ಎಸ್‌ವೈ ಜಾಸ್ತಿ ಇದ್ದರೆ ಕರ್ನಲ್, ಅಂದರೆ ಆಪರೇಟಿಂಗ್ ಸಿಸ್ಟಂನ ತಿರುಳು. ಡಬ್ಲ್ಯುಎ ಅಂದರೆ ಸಿಪಿಯು ಸುಮ್ನೆ ಕೂತಿದೆ, ಡಿಸ್ಕ್ ಉತ್ತರ ಕೊಡಲಿ ಅಂತ ಕಾಯುತ್ತಿದೆ. ಲಿನಕ್ಸ್‌ನಲ್ಲಿ ಹೀಗೆ ಡಿಸ್ಕ್‌ಗೆ ಕಾಯುವ ಪ್ರೋಸೆಸ್‌ಗಳೂ ಲೋಡ್ ಆವರೇಜ್‌ಗೆ (ಓಡುತ್ತಿರುವ, ಸರದಿಗೆ ಕಾಯುತ್ತಿರುವ ಪ್ರೋಸೆಸ್‌ಗಳ ಸರಾಸರಿ ಸಂಖ್ಯೆಗೆ) ಸೇರುವುದರಿಂದ, ಲೋಡ್ 8 ಇದ್ದರೂ ಸಿಪಿಯು ಖಾಲಿ ಇರಬಹುದು.

ವರ್ಚುವಲ್ ಸರ್ವರ್‌ನಲ್ಲಿ ಜನ ನೋಡದೇ ಬಿಡುವುದು ಎಸ್‌ಟಿಯನ್ನು. ಅದು ಸ್ಟೀಲ್. ನಿಮ್ಮ ಸರ್ವರ್‌ಗೆ ಕೆಲಸ ಇದೆ, ಆದರೆ ಕೆಳಗಿನ ದೊಡ್ಡ ಮಷಿನ್ ಆ ಹೊತ್ತಿಗೆ ಸಿಪಿಯು ಕೊಡಲಿಲ್ಲ ಅಂತ ಅರ್ಥ. ಅದೇ ಮಷಿನ್‌ನಲ್ಲಿರುವ ಬೇರೆ ಸರ್ವರ್‌ಗಳು ಜಾಸ್ತಿ ಎಳೆದುಕೊಳ್ಳುತ್ತಿರಬಹುದು. ಇಲ್ಲವೇ ನಿಮ್ಮ ಪ್ಲಾನ್‌ಗೇ ಮಿತಿ ಇರಬಹುದು. ಉದಾಹರಣೆಗೆ ಅಮೆಜಾನ್‌ನ ಟಿ2 ಮೈಕ್ರೋ ಎಂಬ ಸಣ್ಣ ಸರ್ವರ್. ಅದಕ್ಕೆ ಗಂಟೆಗೆ 6 ಕ್ರೆಡಿಟ್ ಸಿಗುತ್ತದೆ, ಒಂದು ಕ್ರೆಡಿಟ್‌ಗೆ ಒಂದು ನಿಮಿಷ ಪೂರ್ತಿ ಸಿಪಿಯು. ಕೂಡಿಟ್ಟದ್ದು ಖರ್ಚಾದ ಮೇಲೆ 10 ಶೇಕಡಾದಲ್ಲೇ ಓಡಬೇಕು. ಆಗ ಎಸ್‌ಟಿ ಏರುತ್ತದೆ, ಸೈಟ್ ನಿಲ್ಲುವ ಹಾಗಾಗುತ್ತದೆ, ನಿಮ್ಮ ಪ್ರೋಸೆಸ್‌ಗಳ ಪಟ್ಟಿಯಲ್ಲಿ ಯಾವುದನ್ನೂ ಬೈಯುವ ಹಾಗಿರುವುದಿಲ್ಲ. ನಿಮ್ಮ ಲಾಗ್‌ನಲ್ಲಿ ಎಸ್‌ಟಿ ಹತ್ತರ ಮೇಲೆ ನಿಮಿಷಗಟ್ಟಲೆ ನಿಂತಿದ್ದರೆ, ಆ ಸಾಲುಗಳನ್ನೇ ಹೋಸ್ಟಿಂಗ್‌ನವರಿಗೆ ಕಳಿಸಿ, ಬೇರೆ ಮಷಿನ್‌ಗೆ ಬದಲಾಯಿಸಿಕೊಡಿ ಅಂತ ಕೇಳಿ. ಅಂಕಿ ಮುಂದಿಟ್ಟರೆ ಮಾತು ಬೇಗ ಮುಗಿಯುತ್ತದೆ.

ನನಗೆ ಆದದ್ದು ಹೇಳುತ್ತೇನೆ. ಒಂದು ಪುಸ್ತಕದಂಗಡಿಯ ಸರ್ವರ್ ನೋಡಿಕೊಳ್ಳುತ್ತೇನೆ. ದಿನಾ ಮಧ್ಯಾಹ್ನ 12ರ ಸುಮಾರಿಗೆ ಸೈಟ್ ನಿಧಾನವಾಗುತ್ತಿತ್ತು. ‘ಊಟದ ಹೊತ್ತಿಗೆ ಜನ ಜಾಸ್ತಿ ಬರ್ತಾರೆ ಸರ್, ಅದಕ್ಕೇ ಇರಬೇಕು’ ಅಂದರು ಅಂಗಡಿಯವರು. ಕೇಳಿದರೆ ಸರಿ ಅನ್ನಿಸುವ ಮಾತು. ಆದರೆ ಸೈಟ್‌ಗೆ ಬಂದ ಪ್ರತಿ ಕೋರಿಕೆಯನ್ನು ಬರೆದಿಡುವ ಆಕ್ಸೆಸ್ ಲಾಗ್‌ನಲ್ಲಿ ಆ ಹೊತ್ತಿಗೆ ಜನ ಜಾಸ್ತಿ ಇರಲಿಲ್ಲ. ಎಟಾಪ್ ಹಾಕಿ ಎರಡು ದಿನ ಬಿಟ್ಟೆ. ಎರಡೂ ದಿನ ಫೈಲ್ ಕುಗ್ಗಿಸುವ ಜಿಜಿಪ್ ಒಂದೇ ಒಂದು ಕೋರನ್ನು 99ರಲ್ಲಿ ಹಿಡಿದಿತ್ತು, ಜೊತೆಗೆ ಡಬ್ಲ್ಯುಎ ಕೂಡ ಏರಿತ್ತು. ಲಾಗ್‌ನಲ್ಲಿ ಇದ್ದ ಸಮಯ ಮಾತ್ರ 06:25. ಬೆಳಿಗ್ಗೆ ಆರೂವರೆಗೆ ಯಾರೂ ದೂರು ಹೇಳಿರಲಿಲ್ಲವಲ್ಲ ಅಂತ ಸ್ವಲ್ಪ ಹೊತ್ತು ತಲೆ ಕೆಡಿಸಿಕೊಂಡೆ. ಆಮೇಲೆ ಹೊಳೆಯಿತು, ಸರ್ವರ್ ಗಡಿಯಾರ ಯುಟಿಸಿಯಲ್ಲಿದೆ, ಅಂದರೆ ಜಾಗತಿಕ ಪ್ರಮಾಣ ಸಮಯದಲ್ಲಿ. ಐದೂವರೆ ಗಂಟೆ ಸೇರಿಸಿದರೆ ನಮ್ಮ 11:55. ನಿಗದಿತ ಸಮಯಕ್ಕೆ ಓಡುವ ಕೆಲಸಗಳ ಪಟ್ಟಿಯಾದ ಉಬುಂಟುವಿನ ಕ್ರಾನ್‌ಟ್ಯಾಬ್ ತೆರೆದು ನೋಡಿ, ದಿನದ ಕೆಲಸಗಳಿಗೆ ಬರೆದಿರುವ ಸಮಯ ಅದೇ 6:25. ಹಿಂದೆ ನೋಡಿಕೊಳ್ಳುತ್ತಿದ್ದವರು ಪುಸ್ತಕದ ಮುಖಪುಟಗಳ ಫೋಲ್ಡರ್ ಪೂರ್ತಿ ಜಿಜಿಪ್ ಮಾಡುವ ಬ್ಯಾಕಪ್ ಸ್ಕ್ರಿಪ್ಟ್ ಒಂದನ್ನು ಅಲ್ಲಿಟ್ಟಿದ್ದರು. ಚಿತ್ರಗಳು ಕಡಿಮೆ ಇದ್ದಾಗ ಯಾರಿಗೂ ಗೊತ್ತಾಗಿರಲಿಲ್ಲ. ಅದನ್ನು ಅಲ್ಲಿಂದ ತೆಗೆದು ಯುಟಿಸಿ 21:30ಕ್ಕೆ, ಅಂದರೆ ನಮ್ಮ ರಾತ್ರಿ ಮೂರು ಗಂಟೆಗೆ ಹಾಕಿದೆ. ಸಿಪಿಯುಗೆ ಕೊನೆಯ ಆದ್ಯತೆಯಾದ ನೈಸ್ 19 ಕೊಟ್ಟೆ, ಡಿಸ್ಕ್‌ಗೂ ಹಾಗೇ ಐಒನೈಸ್‌ನಲ್ಲಿ 3ನೇ ಕ್ಲಾಸ್ ಕೊಟ್ಟೆ. ಬೇರೆಯವರಿಗೆ ಸಿಪಿಯು ಬೇಕಾದಾಗ ಬ್ಯಾಕಪ್ ಹಿಂದೆ ಸರಿದು ನಿಲ್ಲುತ್ತದೆ. ಅಂಗಡಿಯವರು ಪ್ಲಾನ್ ಬದಲಾಯಿಸಲು ತೆಗೆದಿಟ್ಟಿದ್ದ ದುಡ್ಡು ಹಾಗೇ ಉಳಿಯಿತು.

ಅದಕ್ಕೇ ನಿಮಗೂ ಹೇಳುತ್ತಿದ್ದೇನೆ, ಏರಿದ ಸಮಯಗಳನ್ನು ಮೊದಲು ಯುಟಿಸಿಗೆ ತಿರುಗಿಸಿ ನೋಡಿ. ದಿನಾ ಒಂದೇ ಸಮಯ ಆಗಿದ್ದರೆ ಕ್ರಾನ್ ಮತ್ತು ಅದೇ ಕೆಲಸದ ಸಿಸ್ಟಂಡಿ ಟೈಮರ್ ಹುಡುಕಿ. ಉಬುಂಟುವಿನ ಆಪ್ಟ್ ಅಪ್‌ಡೇಟ್ ಟೈಮರ್‌ಗಳು ಬೇಕೆಂತಲೇ ಸಮಯ ಹಿಂದೆ ಮುಂದೆ ಮಾಡಿಕೊಳ್ಳುತ್ತವೆ, ಅದೂ ನೆನಪಿರಲಿ.

ಸಮಯಕ್ಕೆ ತಾಳಮೇಳ ಇಲ್ಲ, ವರ್ಡ್‌ಪ್ರೆಸ್ ಓಡಿಸುವ ಪಿಎಚ್‌ಪಿ ಪ್ರೋಸೆಸ್‌ಗಳೇ ಮೇಲಿವೆ ಅಂದರೆ ಆಕ್ಸೆಸ್ ಲಾಗ್‌ನಲ್ಲಿ ಆ ನಿಮಿಷ ನೋಡಿ. ವರ್ಡ್‌ಪ್ರೆಸ್‌ನಲ್ಲಿ ನಾನು ಜಾಸ್ತಿ ಕಂಡದ್ದು, ಹೊರಗಿನ ಆ್ಯಪ್‌ಗಳು ವರ್ಡ್‌ಪ್ರೆಸ್ ಜೊತೆ ಮಾತಾಡಲು ಬಳಸುವ ಎಕ್ಸ್‌ಎಂಎಲ್ಆರ್‌ಪಿಸಿ ಫೈಲ್‌ಗೆ ಅಥವಾ ಲಾಗಿನ್ ಪುಟಕ್ಕೆ ಒಂದೇ ಐಪಿಯಿಂದ ಸೆಕೆಂಡಿಗೆ ಹತ್ತಾರು ಹೊಡೆತ. ಪಾಸ್‌ವರ್ಡ್ ಊಹಿಸುವ ಬಾಟ್‌ಗಳು ಅವು. ಎಕ್ಸ್‌ಎಂಎಲ್ಆರ್‌ಪಿಸಿ ನಿಮಗೆ ಬೇಡವಾದರೆ ವೆಬ್ ಸರ್ವರ್‌ನಲ್ಲೇ ತಡೆಯಿರಿ, ಪಿಎಚ್‌ಪಿವರೆಗೆ ಬರಲು ಬಿಡಬೇಡಿ. ವರ್ಡ್‌ಪ್ರೆಸ್‌ನ ಸ್ವಂತ ಕ್ರಾನ್ ಕೂಡ ಯಾರಾದರೂ ಸೈಟ್‌ಗೆ ಬಂದಾಗಲೇ ಓಡುವುದು, ಅದನ್ನು ನಿಲ್ಲಿಸಿ ಸಿಸ್ಟಂ ಕ್ರಾನ್‌ನಿಂದ ಓಡಿಸಿ. ಡೇಟಾಬೇಸ್ ಆದ ಮೈಎಸ್‌ಕ್ಯೂಎಲ್ ಮೇಲಿದ್ದರೆ, ನಿಧಾನದ ಕ್ವೆರಿಗಳನ್ನು ಬರೆದಿಡುವ ಸ್ಲೋ ಕ್ವೆರಿ ಲಾಗ್ ಆನ್ ಮಾಡಿ. ಅದರ ಮಿತಿ ಮೊದಲಿಂದ 10 ಸೆಕೆಂಡ್ ಇರುತ್ತದೆ, 1ಕ್ಕೆ ಇಳಿಸದಿದ್ದರೆ ಅದಕ್ಕಿಂತ ಬೇಗ ಮುಗಿಯುವ ಕ್ವೆರಿಗಳು ಅದರಲ್ಲಿ ಬೀಳುವುದಿಲ್ಲ.

2 ಜಿಬಿ ಅಂದಿದ್ದೀರಲ್ಲ, ಅದಕ್ಕೆ ಇನ್ನೊಂದು ಮಾತು. ಪಟ್ಟಿಯ ಮೇಲೆ, ಮೆಮೊರಿ ಖಾಲಿ ಮಾಡಿಕೊಡುವ ಕರ್ನಲ್ ಥ್ರೆಡ್ (ಕರ್ನಲ್‌ನದೇ ಪ್ರೋಸೆಸ್) ಕೆಸ್ವಾಪ್‌ಡಿ0 ಕಂಡರೆ ತೊಂದರೆ ಮೆಮೊರಿಯದು. ಕರ್ನಲ್ ಜಾಗ ಹುಡುಕಿ ಹುಡುಕಿ ಸಿಪಿಯು ತಿನ್ನುತ್ತಿದೆ. ಪಿಎಚ್‌ಪಿ ಪ್ರೋಸೆಸ್‌ಗಳನ್ನು ನಡೆಸುವ ಎಫ್‌ಪಿಎಂನ ಚೈಲ್ಡ್ ಪ್ರೋಸೆಸ್‌ಗಳ ಸಂಖ್ಯೆ ಇಳಿಸಿ, ಡಿಸ್ಕ್‌ನಲ್ಲಿ ಸ್ವಲ್ಪ ಸ್ವಾಪ್ (ಮೆಮೊರಿಗೆ ಬದಲಿ ಜಾಗ) ಇಡಿ. ಮೆಮೊರಿ ಧಾರಾಳ ಖಾಲಿ ಇದ್ದೂ ಅದೇ ಹೆಸರು ಮೇಲೆ ಕಂಡರೆ ಮಾತ್ರ ಅನುಮಾನಪಡಿ. ನಿಜವಾದ ಕರ್ನಲ್ ಥ್ರೆಡ್‌ನ ಹೆಸರನ್ನು ಪಿಎಸ್ ಕಮಾಂಡ್ ಚೌಕ ಆವರಣದೊಳಗೆ ತೋರಿಸುತ್ತದೆ, ಅದರ ಹಿಂದೆ ಡಿಸ್ಕ್‌ನಲ್ಲಿ ಯಾವ ಫೈಲೂ ಇರುವುದಿಲ್ಲ. ಅದೇ ಹೆಸರಿಟ್ಟುಕೊಂಡು ಟೆಂಪ್ ಫೋಲ್ಡರ್‌ನಿಂದ ಓಡುತ್ತಿದ್ದರೆ ಅದು ಬಹುಪಾಲು ಕಾಯಿನ್ ಮೈನರ್, ನಿಮ್ಮ ಸರ್ವರ್‌ನಲ್ಲಿ ಕದ್ದು ಕ್ರಿಪ್ಟೋ ನಾಣ್ಯ ಗಳಿಸುವ ಪ್ರೋಗ್ರಾಂ. ಕೊಂದರೆ ಮತ್ತೆ ಏಳುತ್ತದೆ. ಅಂಥ ಸರ್ವರ್ ಶುದ್ಧ ಮಾಡುವ ಗೋಜಿಗೆ ಹೋಗಬೇಡಿ, ಹೊಸದಾಗಿ ಕಟ್ಟಿ, ಪಾಸ್‌ವರ್ಡ್‌ಗಳನ್ನೆಲ್ಲ ಬದಲಿಸಿ.

ಇವತ್ತೇ ಎಟಾಪ್ ಹಾಕಿ. ಎರಡು ಸಲ ಏರಿದ ಮೇಲೆ ಆ ನಿಮಿಷಗಳ ಸಿಪಿಯು ಸಾಲು, ಮೇಲಿನ ಐದು ಪ್ರೋಸೆಸ್ ಮತ್ತು ಯುಟಿಸಿ ಸಮಯ ಇಲ್ಲಿ ಹಾಕಿ. ನೋಡಿ ಹೇಳುತ್ತೇನೆ.