ಕಾರಣಾಂತರಗಳಿಂದ ಅಂದರೆ ಯಾರಿಂದ?

ನಮಸ್ಕಾರ. ವಿದ್ಯುತ್ ಗ್ರಿಡ್‌ಗಳ ಓಲಾಟದ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ವಿಷಯ ಹೊಸದು, ಭಾಷೆ ತಿಳಿಯಾಗಿದೆ. ಆದರೆ ಎರಡನೇ ಪುಟದಲ್ಲಿ ಈ ಸಾಲು ಸಿಕ್ಕಿತು ನೋಡಿ, ಅಲ್ಲೇ ಕೂತುಬಿಟ್ಟೆ:

“ಕಾರಣಾಂತರಗಳಿಂದ ಜಾಲದಲ್ಲಿ ಓಲಾಟ ಉಂಟಾಗಿ, ಕ್ರಮೇಣ ಹೆಚ್ಚಾಗುತ್ತದೆ.”

ಏನು ಓಲಾಡುತ್ತದೆ? ತಂತಿಯೋ, ಕಂಬವೋ? ಒಂದು ಕಡೆಯ ಜನರೇಟರ್‌ಗಳ ಗುಂಪು ತುಸು ಮುಂದೆ ಓಡುತ್ತದೆ, ದೂರದ ಇನ್ನೊಂದು ಗುಂಪು ಹಿಂದೆ ಬೀಳುತ್ತದೆ. ಮರುಕ್ಷಣ ಅದಲುಬದಲು. ನಡುವಿನ ಲೈನಿನಲ್ಲಿ ಹರಿಯುವ ವಿದ್ಯುತ್ ಅದರ ಜೊತೆಗೇ ಏರಿಳಿಯುತ್ತದೆ. ಇದನ್ನು ಹೇಳದೆ ಕರೆಂಟಿನ 50 ಹರ್ಟ್ಸ್ ಪಕ್ಕದಲ್ಲೇ ಓಲಾಟದ 0.25 ಹರ್ಟ್ಸ್ ಅಂತ ಬರೆದರೆ ಓದುಗರು ಎರಡನ್ನೂ ಕಲಸಿಕೊಳ್ಳುತ್ತಾರೆ. ನಾಲ್ಕು ಸೆಕೆಂಡಿಗೊಂದು ತೂಗು ಅನ್ನಿ, ಸಾಕು.

ಇನ್ನು ‘ಕಾರಣಾಂತರ’. ಈ ಪದದ ಮೇಲೆ ನನಗೆ ಹಳೇ ಸಿಟ್ಟು. ಕೆಲಸಕ್ಕೆ ಸೇರಿದ ಹೊಸದರಲ್ಲಿ ‘ಕಾರಣಾಂತರಗಳಿಂದ ಸೇತುವೆ ಕೆಲಸ ನಿಂತಿದೆ’ ಅಂತ ಬರೆದಿದ್ದೆ. ನಮ್ಮ ಹಿರಿಯ ಉಪಸಂಪಾದಕರು ಗೆರೆ ಎಳೆದು, “ಯಾರನ್ನು ಬಚ್ಚಿಟ್ಟಿದ್ದೀಯ?” ಅಂದರು. ಯಾರನ್ನೂ ಇಲ್ಲ. ನನಗೆ ಗೊತ್ತಿರಲಿಲ್ಲ, ಅಷ್ಟೇ. ಅದನ್ನು ಒಪ್ಪಿಕೊಳ್ಳೋಕೆ ವಾರ ಹಿಡಿಯಿತು.

ನೀವು ಬಚ್ಚಿಟ್ಟ ಆರೋಪಿಯಂತೂ ಒಳ್ಳೆಯವನ ವೇಷದಲ್ಲಿದ್ದಾನೆ. ಜನರೇಟರಿನ ವೋಲ್ಟೇಜ್ ರೆಗ್ಯುಲೇಟರ್! ವೋಲ್ಟೇಜ್ ಇಳಿದ ಕೂಡಲೇ ಎತ್ತಿ ನಿಲ್ಲಿಸುವುದು ಅವನ ಕೆಲಸ. ಆದರೆ ಉದ್ದನೆಯ, ದುರ್ಬಲ ಲೈನಿನಲ್ಲಿ ಜಾಸ್ತಿ ವಿದ್ಯುತ್ ಸಾಗುವಾಗ ಅವನ ಆ ಚುರುಕುತನವೇ ಡ್ಯಾಂಪಿಂಗ್, ಅಂದರೆ ಓಲಾಟ ತಾನಾಗಿ ತಣ್ಣಗಾಗುವ ಗುಣವನ್ನು, ತಿಂದುಹಾಕುತ್ತದೆ. ಡಿ ಮೆಲ್ಲೊ ಮತ್ತು ಕಾನ್ಕಾರ್ಡಿಯಾ ಎಂಬ ಎಂಜಿನಿಯರ್‌ಗಳು 1969ರಲ್ಲೇ ಇದನ್ನು ಬಿಡಿಸಿ ಹೇಳಿದ್ದಾರೆ. ನಿಮ್ಮ ಲೇಖನದ ಕಥೆ ಇದೇ ಅಲ್ವಾ?

ಮುಂದಿನ ಪುಟ: “ಸ್ಟೆಬಿಲೈಸರ್ ಓಲಾಟವನ್ನು ಬಿಗಿಯಾಗಿ ಹಿಡಿದು ನಿಲ್ಲಿಸುತ್ತದೆ.” ‘ಬಿಗಿಯಾಗಿ’ ಹೊಡೆದುಹಾಕಿದ್ದೇನೆ. ‘ಹಿಡಿದು’ ಕೂಡ. ಜನರೇಟರಿಗೆ ಕೂರಿಸುವ ಈ ಸಾಧನ ಏನನ್ನೂ ಹಿಡಿಯುವುದಿಲ್ಲ. ಜನರೇಟರಿನ ತಿರುಗುವ ಭಾಗವಾದ ರೋಟರಿನ ವೇಗ ಗಮನಿಸಿ, ಆ ರೆಗ್ಯುಲೇಟರಿನ ಕಿವಿಯಲ್ಲೇ ಒಂದು ಮಾತು ಹಾಕುತ್ತದೆ. ರೋಟರ್ ಮುಂದೋಡಿದಾಗ ಅದರ ಮೇಲೆ ವಿದ್ಯುತ್ ಭಾರ ತುಸು ಹೆಚ್ಚಬೇಕು, ಹಿಂದೆ ಬಿದ್ದಾಗ ತುಸು ಇಳಿಯಬೇಕು. ರೋಟರನ್ನು ಅಯಸ್ಕಾಂತವಾಗಿಸುವ ಫೀಲ್ಡ್ ಸುರುಳಿ ನಿಧಾನಿ, ಹಾಗಾಗಿ ಆ ಮಾತನ್ನು ಸ್ವಲ್ಪ ಮುಂಚೆಯೇ ಹೇಳಬೇಕು. ಹೊತ್ತು ತಪ್ಪಿದರೆ ಓಲಾಟ ಇನ್ನೂ ಜೋರಾಗಬಹುದು. ಮೊದಲ ಪುಟದಲ್ಲಿ ನೀವು ಕೊಟ್ಟ ಉಯ್ಯಾಲೆಯ ಹೋಲಿಕೆ ಸುಮ್ನೆ ತೂಗುತ್ತಿದೆ. ಅದು ಬೇಕಾಗಿದ್ದದ್ದು ಇಲ್ಲಿ.

1996ರ ಆಗಸ್ಟ್ 10ರಂದು ಅಮೆರಿಕದ ಪಶ್ಚಿಮ ಗ್ರಿಡ್ ನಾಲ್ಕು ತುಂಡಾಗಿ ಸುಮಾರು 75 ಲಕ್ಷ ಗ್ರಾಹಕರಿಗೆ ಕರೆಂಟು ಹೋದ ಭಾಗ ಹಾಗೇ ಇರಲಿ. ಒಂದು ಮಾತು ಮಾತ್ರ ಸೇರಿಸಿ. ಆಮೇಲೆ ಅದೇ ಘಟನೆಯನ್ನು ಆಗ ಬಳಕೆಯಲ್ಲಿದ್ದ ಕಂಪ್ಯೂಟರ್ ಮಾದರಿಗಳಲ್ಲಿ ಓಡಿಸಿ ನೋಡಿದರೆ, ಓಲಾಟ ತಣ್ಣಗಾಗುತ್ತಿತ್ತು. ನಿಜದ ಗ್ರಿಡ್ಡಿನಲ್ಲಿ ಅದು ಬೆಳೆದಿತ್ತು.

ಎರಡು ಸಾಲು ಸರಿಮಾಡಿ ಕಳಿಸಿ. ಮಿಕ್ಕಿದ್ದು ನಾನು ನೋಡಿಕೊಳ್ಳುತ್ತೇನೆ.